ಬೆಂಕಿಗೆ ಅಂಜಿ ಹುಟ್ಟಿದ ಗಿರಣಿ

ಮನೆ ಕಟ್ಟಿಸುವ ಸಾಹಸಕ್ಕೆ ಕೈಹಾಕಿದ ಗೃಹಸ್ಥರಿಗೆಲ್ಲ ಮೇಸ್ತ್ರಿಯ ಬಾಯಿಂದ ಮೊದಲು ಕೇಳಿಬರುವ ಮಾತುಗಳು ಎರಡು: ‘ಪಿಲ್ಲರು’ ಮತ್ತು ‘ಬೀಮು’. ನಮ್ಮ ತಾತಂದಿರ ಕಾಲದ ಮನೆಗಳಲ್ಲಿ ಬಹುಮಟ್ಟಿಗೆ ಭಾರ ಹೊರುತ್ತಿದ್ದುದು ದಪ್ಪನೆಯ ಗೋಡೆ. ಇಂದಿನ ಮಹಡಿ ಮನೆಗಳಲ್ಲಿ ಗೋಡೆಗೆ ಆ ಹೊಣೆಯಿಲ್ಲ. ಅದು ಬಿಸಿಲು ಮಳೆಗಳಿಗೆ ಅಡ್ಡ ನಿಲ್ಲಿಸಿದ ತೆರೆ ಮಾತ್ರ. ಮಹಡಿಯ ಭಾರ ತೊಲೆಗಳಿಗೂ, ತೊಲೆಗಳಿಂದ ಕಂಬಗಳಿಗೂ, ಕಂಬಗಳಿಂದ ನೆಲಕ್ಕೂ ಇಳಿಯುತ್ತದೆ. ದೇಹಕ್ಕೆ ಎಲುಬಿನ ಹಂದರ ಹೇಗೋ ಕಟ್ಟಡಕ್ಕೆ ಈ ಚೌಕಟ್ಟು ಹಾಗೆ. ಬೆಂಗಳೂರಿನ ಬಹುಮಹಡಿ ವಸತಿಗಳಿಂದ ಹಿಡಿದು ಮುಗಿಲನ್ನು ಮುಟ್ಟುವ ಅಮೆರಿಕದ ಸೌಧಗಳವರೆಗೆ ಎಲ್ಲವೂ ನಿಂತಿರುವುದು ಈ ಒಂದು ಉಪಾಯದ ಮೇಲೆ. ಈ ವಂಶವೃಕ್ಷದ ಬೇರನ್ನು ಹುಡುಕುತ್ತ ಹೋದರೆ ನಾವು ತಲುಪುವುದು ಅರಮನೆಗೂ ಅಲ್ಲ, ದೇವಾಲಯಕ್ಕೂ ಅಲ್ಲ. ಇಂಗ್ಲೆಂಡಿನ ಒಂದು ಸಣ್ಣ ಊರಿನ ಅಂಚಿನಲ್ಲಿರುವ ಹಳೆಯ ನೂಲಿನ ಗಿರಣಿಗೆ. ಅದು ಹುಟ್ಟಿದ್ದು 1797ರಲ್ಲಿ. ಹುಟ್ಟಿಸಿದ್ದು ಬೆಂಕಿಯ ಭಯ.

ಊರಿನ ಹೆಸರು ಶ್ರೂಸ್‌ಬರಿ. ವೇಲ್ಸ್ ನಾಡಿನ ಗಡಿಗೆ ಸಮೀಪವಾದ ಶ್ರಾಪ್‌ಶೈರ್ ಪ್ರಾಂತದ ಮುಖ್ಯ ಪಟ್ಟಣ. ಹೆಸರನ್ನು ‘ಶ್ರೂಸ್‌ಬರಿ’ ಎನ್ನಬೇಕೋ ‘ಶ್ರೋಸ್‌ಬರಿ’ ಎನ್ನಬೇಕೋ ಎಂಬ ವಿಷಯದಲ್ಲಿ ಊರಿನವರಲ್ಲೇ ಎರಡು ಪಂಗಡಗಳಿರುವುದರಿಂದ, ಹೊರಗಿನವರು ಹೇಗೆ ಉಚ್ಚರಿಸಿದರೂ ಅರ್ಧ ಊರಿನ ಒಪ್ಪಿಗೆಯಂತೂ ಇದ್ದೇ ಇರುತ್ತದೆ! ಸೆವರ್ನ್ ನದಿ ಊರನ್ನು ಕುದುರೆಲಾಳದ ಹಾಗೆ ಬಳಸಿ ಹರಿಯುತ್ತದೆ. ಲಾಳದ ಬಾಯಿಯಲ್ಲಿ ಕೋಟೆ. ಒಂದು ಕಡೆ ಇಂಗ್ಲಿಷ್ ಸೇತುವೆ, ಇನ್ನೊಂದು ಕಡೆ ವೆಲ್ಷ್ ಸೇತುವೆ. ಓಣಿಗಳಲ್ಲಿ ಕರಿಯ ಮರದ ತೊಲೆಗಳ ನಡುವೆ ಬಿಳಿಯ ಗಾರೆ ತುಂಬಿದ ಪುರಾತನ ಮನೆಗಳು, ಒಂದರ ಹೆಗಲಿಗೆ ಒಂದು ಒರಗಿ ಮಾತನಾಡುತ್ತಿರುವ ಮುದುಕರಂತೆ ನಿಂತಿವೆ. ವಿಕಾಸವಾದದ ಚಾರ್ಲ್ಸ್ ಡಾರ್ವಿನ್ 1809ರಲ್ಲಿ ಹುಟ್ಟಿದ್ದು ಇಲ್ಲಿಯೇ. ಪ್ರವಾಸಿಗಳು ಈ ಮನೆಗಳನ್ನೂ ಡಾರ್ವಿನ್ನನ ಪ್ರತಿಮೆಯನ್ನೂ ನೋಡಿ ಸಂತೋಷಪಟ್ಟು ಹಿಂದಿರುಗುವುದು ವಾಡಿಕೆ. ಊರಿನ ಉತ್ತರಕ್ಕೆ ಇನ್ನೊಂದು ಮೈಲಿಯಷ್ಟು ನಡೆದು ಡಿದರಿಂಗ್‌ಟನ್ ಎಂಬ ಬಡಾವಣೆಗೆ ಹೋಗುವವರು ಕಡಿಮೆ.

ಅಲ್ಲಿಗೆ ಹೋದವರಿಗೂ ಮೊದಲ ನೋಟದಲ್ಲಿ ಆಶಾಭಂಗವಾದರೆ ಆಶ್ಚರ್ಯವಿಲ್ಲ. ಬೇಲೂರು ಹಳೇಬೀಡುಗಳನ್ನು ಕಂಡ ಕಣ್ಣು ಚರಿತ್ರಪ್ರಸಿದ್ಧ ಕಟ್ಟಡವೆಂದೊಡನೆ ಒಂದಿಷ್ಟು ಕೆತ್ತನೆಯನ್ನೋ ಗೋಪುರವನ್ನೋ ನಿರೀಕ್ಷಿಸುತ್ತದೆ. ಇಲ್ಲಿ ಅದಾವುದೂ ಇಲ್ಲ. ಐದು ಅಂತಸ್ತಿನ, ನೀಳವಾದ, ಕೆಂಪು ಇಟ್ಟಿಗೆಯ ಕಟ್ಟಡ. ಸುಮಾರು 177 ಅಡಿ ಉದ್ದ, 40 ಅಡಿ ಅಗಲ. ಸಾಲುಸಾಲು ಕಿಟಕಿಗಳನ್ನು ಬಿಟ್ಟರೆ ಹೊರಗೋಡೆಗೆ ಬೇರೆ ಒಡವೆಯಿಲ್ಲ. ಹತ್ತಿರ ಹೋಗಿ ನೋಡಿದರೆ ಇಟ್ಟಿಗೆಗಳೂ ನಾವು ಬಲ್ಲ ಅಳತೆಯವಲ್ಲ, ಮಾಮೂಲಿಗಿಂತ ದೊಡ್ಡವು. ಇದರ ಹಿಂದೆಯೂ ಒಂದು ಲೌಕಿಕ ಕಾರಣವಿದೆ. 1784ರಿಂದ ಇಂಗ್ಲೆಂಡಿನ ಸರ್ಕಾರ ಇಟ್ಟಿಗೆಗೆ ತೆರಿಗೆ ಹಾಕಿತು. ಅದೂ ಎಣಿಕೆಯ ಲೆಕ್ಕದಲ್ಲಿ. ಇಟ್ಟಿಗೆ ದೊಡ್ಡದಾದರೆ ಎಣಿಕೆ ಇಳಿಯುತ್ತದೆ, ಎಣಿಕೆ ಇಳಿದರೆ ತೆರಿಗೆ ಇಳಿಯುತ್ತದೆ. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರು ಎಲ್ಲ ದೇಶಗಳಲ್ಲೂ ಇದ್ದಾರೆ.

ಗೋಡೆ ಹೀಗೆ ಲೆಕ್ಕಾಚಾರದ್ದು. ಒಳಗಿರುವುದು ಅದಕ್ಕೂ ಮಿಗಿಲಾದ ಲೆಕ್ಕಾಚಾರ. ಅದನ್ನು ಅರಿಯಬೇಕಾದರೆ ಆ ಕಾಲದ ಗಿರಣಿಗಳ ಗತಿಯನ್ನು ಸ್ವಲ್ಪ ತಿಳಿದಿರಬೇಕು.

ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನ ಗಿರಣಿಗಳೆಲ್ಲ ಒಳಗೆ ಮರದವು. ಮರದ ಕಂಬ, ಮರದ ತೊಲೆ, ಮರದ ಹಲಗೆಯ ನೆಲ. ಯಂತ್ರಗಳಿಂದ ತೊಟ್ಟಿಕ್ಕಿದ ಎಣ್ಣೆಯನ್ನು ಆ ಹಲಗೆಗಳು ವರ್ಷಗಟ್ಟಲೆ ಕುಡಿಯುತ್ತಿದ್ದವು. ಗಾಳಿಯಲ್ಲಿ ಹತ್ತಿಯ ಅಥವಾ ನಾರಿನ ನವಿರಾದ ಧೂಳು. ಕತ್ತಲಾದ ಮೇಲೂ ಕೆಲಸ ನಡೆಯಬೇಕಾದ್ದರಿಂದ ಅಲ್ಲಲ್ಲಿ ಉರಿಯುವ ದೀಪ. ಒಂದು ಕಿಡಿ ಬಿದ್ದರೆ ಮುಗಿಯಿತು. ಇಡಿಯ ಕಟ್ಟಡ ಒಲೆಗೆ ಒಟ್ಟಿದ ಸೌದೆಯಂತೆ ಉರಿದುಹೋಗುತ್ತಿತ್ತು. 1791ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿದ್ದ ಆಲ್ಬಿಯನ್ ಹಿಟ್ಟಿನ ಗಿರಣಿ, ಉಗಿಯಂತ್ರದ ಬಲದಿಂದ ನಡೆಯುತ್ತ ದೇಶಕ್ಕೇ ಬೆರಗಾಗಿದ್ದ ಕಾರ್ಖಾನೆ, ಸುಟ್ಟು ಬೂದಿಯಾಯಿತು. 1796ರ ಫೆಬ್ರವರಿಯಲ್ಲಿ ಲೀಡ್ಸ್ ನಗರದ ಜಾನ್ ಮಾರ್ಷಲ್ ಎಂಬ ಧನಿಕ ಉದ್ಯಮಿಯ ಗಿರಣಿಗೆ ಬೆಂಕಿ ಬಿದ್ದಿತು. ಈ ಮಾರ್ಷಲ್ ನೂಲುತ್ತಿದ್ದುದು ಹತ್ತಿಯನ್ನಲ್ಲ, ಅಗಸೆಯ ನಾರನ್ನು.

ಅಗಸೆಯೆಂದರೆ ಹಳ್ಳಿಯ ಹಿತ್ತಲಲ್ಲಿ ಬೆಳೆಯುವ ಅಗಸೆಯ ಮರವಲ್ಲ. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ನೀಲಿ ಹೂ ಬಿಡುವ ಎಣ್ಣೆಬೀಜದ ಗಿಡ. ಜೋಳದ ರೊಟ್ಟಿಯ ಜೊತೆಗೆ ಅಗಸಿ ಹಿಂಡಿಯ ರುಚಿ ಕಂಡವರಿಗೆ ಅದರ ಪರಿಚಯ ಬೇರೆ ಹೇಳಬೇಕಾಗಿಲ್ಲ. ನಾವು ಅದನ್ನು ಬೀಜಕ್ಕಾಗಿ ಬೆಳೆಯುತ್ತೇವೆ. ಯೂರೋಪಿನವರು ಅದೇ ಗಿಡದ ಎತ್ತರದ ತಳಿಯನ್ನು ಒತ್ತಾಗಿ ಬಿತ್ತಿ, ಬೇರುಸಹಿತ ಕಿತ್ತು, ನಮ್ಮವರು ಸೆಣಬನ್ನು ಕೆರೆಯಲ್ಲಿ ಕೊಳೆಹಾಕುವಂತೆ ಕೊಳೆಹಾಕಿ, ಒಣಗಿಸಿ, ಬಡಿದು, ಬಾಚಿ ನಾರು ತೆಗೆಯುತ್ತಾರೆ. ಆ ನಾರಿನ ನೂಲಿನಿಂದ ಆಗುವ ಬಟ್ಟೆಯೇ ಲಿನನ್. ಮಾರ್ಷಲ್ ಈ ನೂಲಿನ ವ್ಯಾಪಾರದಲ್ಲಿ ಶ್ರೂಸ್‌ಬರಿಯ ವರ್ತಕರಾದ ಬೆನ್ಯನ್ ಸೋದರರನ್ನು ಪಾಲುದಾರರಾಗಿ ಸೇರಿಸಿಕೊಂಡಿದ್ದ. ಹೊಸ ಗಿರಣಿಯನ್ನು ಅವರ ಊರಿನಲ್ಲಿಯೇ ಕಟ್ಟುವುದೆಂದು ನಿಶ್ಚಯವಾಯಿತು. ಉಗಿಯಂತ್ರಕ್ಕೆ ಕಲ್ಲಿದ್ದಲು ಬೇಕು; ಅದನ್ನು ದೋಣಿಗಳಲ್ಲಿ ತರುವ ಕಾಲುವೆಯೊಂದು ಅದೇ ಸಮಯದಲ್ಲಿ ಶ್ರೂಸ್‌ಬರಿಗೆ ಬರುತ್ತಿತ್ತು. ಅದರ ದಡದಲ್ಲಿ ಜಾಗ ಸಿಕ್ಕಿತು. ಆದರೆ ಈ ಬಾರಿ ಕಟ್ಟುವ ಗಿರಣಿ ಸುಡಬಾರದು. ಇದೊಂದೇ ಪಾಲುದಾರರ ಹಟ.

ಈ ಹಟವನ್ನು ಸಾಧಿಸಿಕೊಟ್ಟವನು ಮೂರನೆಯ ಪಾಲುದಾರ, ಚಾರ್ಲ್ಸ್ ಬೇಜ್. ಈತ ವೃತ್ತಿಯಿಂದ ವಾಸ್ತುಶಿಲ್ಪಿಯಲ್ಲ. ದ್ರಾಕ್ಷಾರಸದ ವ್ಯಾಪಾರಿ, ಜೊತೆಗೆ ಭೂಮಾಪನದ ಕೆಲಸವನ್ನೂ ಬಲ್ಲವನು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಕುತೂಹಲ ತರುವ ಸಂಗತಿಯೆಂದರೆ ಈತನ ತಂದೆ ರಾಬರ್ಟ್ ಬೇಜ್ ಒಬ್ಬ ಕಾದಂಬರಿಕಾರ. ತಂದೆಯದು ಕಾಗದ ತಯಾರಿಸುವ ಕಸುಬು. ಚಾರ್ಲ್ಸ್ ಡಾರ್ವಿನ್ನನ ಅಜ್ಜನಾದ ಎರಾಸ್ಮಸ್ ಡಾರ್ವಿನ್ನನೊಡನೆ ಸೇರಿ ಕಬ್ಬಿಣದ ಉದ್ಯಮವೊಂದರಲ್ಲಿ ಹಣ ತೊಡಗಿಸಿ, ಕೈಸುಟ್ಟುಕೊಂಡು, ಅನಂತರ ಕಾದಂಬರಿ ಬರೆಯಲು ಕುಳಿತ. ಆತನ ಪ್ರಸಿದ್ಧ ಕೃತಿ ‘ಹರ್ಮ್‌ಸ್ಪ್ರಾಂಗ್’ ಪ್ರಕಟವಾದದ್ದು 1796ರಲ್ಲಿ. ಮಗ ಗಿರಣಿಯ ನಕ್ಷೆಯಲ್ಲಿ ಮುಳುಗಿದ್ದ ವರ್ಷವೇ. ತಂದೆಗೆ ನಷ್ಟ ತಂದ ಕಬ್ಬಿಣ ಮಗನಿಗೆ ಕೀರ್ತಿ ತಂದಿತೆನ್ನಬಹುದು.

ಬೇಜನಿಗೆ ಮುಂಚೆ ಈ ದಾರಿಯಲ್ಲಿ ಅರ್ಧ ನಡೆದವನೊಬ್ಬನಿದ್ದ. ಡಾರ್ಬಿ ಊರಿನ ವಿಲಿಯಮ್ ಸ್ಟ್ರಟ್ 1792-93ರಲ್ಲಿ ಕಟ್ಟಿದ ತನ್ನ ಹತ್ತಿ ಗಿರಣಿಯಲ್ಲಿ ಮರದ ಕಂಬಗಳ ಬದಲು ಕಬ್ಬಿಣದ ಕಂಬಗಳನ್ನು ನಿಲ್ಲಿಸಿ, ಹಲಗೆಯ ನೆಲದ ಬದಲು ಇಟ್ಟಿಗೆಯ ಕಮಾನುಗಳನ್ನು ಹಾಯಿಸಿದ್ದ. ಆದರೆ ತೊಲೆಗಳು ಮಾತ್ರ ಮರದವೇ. ಮೇಲೆ ಗಾರೆ ಮೆತ್ತಿ ಬೆಂಕಿಯಿಂದ ಮರೆಮಾಡಿದ್ದ. ಬೇಜ್ ಆತನೊಡನೆ ಪತ್ರವ್ಯವಹಾರ ನಡೆಸಿದ. ಕಂಬ ಎಷ್ಟು ಭಾರ ತಡೆಯುತ್ತದೆ, ತೊಲೆ ಎಷ್ಟಕ್ಕೆ ಮುರಿಯುತ್ತದೆ ಎಂಬ ಪ್ರಶ್ನೆಗಳನ್ನು ಊಹೆಗೆ ಬಿಡದೆ ಗಣಿತಕ್ಕೆ ಒಪ್ಪಿಸಿದ. ಕೊನೆಗೆ ಸ್ಟ್ರಟ್ ಇಡದಿದ್ದ ಹೆಜ್ಜೆಯನ್ನು ಇಟ್ಟ: ತೊಲೆಗಳೂ ಕಬ್ಬಿಣದವೇ ಆದವು. ಕಂಬ, ತೊಲೆ ಎರಡೂ ಕಬ್ಬಿಣವಾದ ಮೊದಲ ಕಟ್ಟಡ ಹೀಗೆ ಎದ್ದುನಿಂತಿತು.

ಕಬ್ಬಿಣಕ್ಕೆ ಆ ಸೀಮೆಯಲ್ಲಿ ಕೊರತೆಯಿರಲಿಲ್ಲ. ಜಗತ್ತಿನ ಮೊದಲ ದೊಡ್ಡ ಕಬ್ಬಿಣದ ಸೇತುವೆ 1779ರಲ್ಲಿ ಎದ್ದದ್ದು ಅದೇ ಶ್ರಾಪ್‌ಶೈರಿನಲ್ಲಿ, ಅದೇ ಸೆವರ್ನ್ ನದಿಯ ಮೇಲೆ. ಗಿರಣಿಯ ಕಂಬ ತೊಲೆಗಳನ್ನು ಎರಕ ಹೊಯ್ದು ಕೊಟ್ಟವನು ಶ್ರೂಸ್‌ಬರಿಯ ವಿಲಿಯಮ್ ಹೇಜಲ್‌ಡೀನ್. ಮುಂದೆ ಥಾಮಸ್ ಟೆಲ್ಫರ್ಡನ ಮಹಾಸೇತುವೆಗಳಿಗೆ ಕಬ್ಬಿಣ ಒದಗಿಸಿ ಹೆಸರಾದವನು ಈತನೇ.

ಈಗ ಒಳಗೆ ಕಾಲಿಡೋಣ. ಉದ್ದಕ್ಕೂ ಮೂರು ಸಾಲು ಕಂಬಗಳು. ಒಂದೊಂದು ಕಂಬವೂ ಅಡ್ಡಕ್ಕೆ ಕೊಯ್ದು ನೋಡಿದರೆ ಕೂಡಿಸುವ ಚಿಹ್ನೆಯ ಆಕಾರ. ನಡುವಿನಲ್ಲಿ ತುಸು ಉಬ್ಬಿ, ಮೇಲೆ ಕೆಳಗೆ ಸಣ್ಣಗಾಗುತ್ತದೆ. ಇದು ಅಲಂಕಾರವೆಂದು ಭಾವಿಸಿದರೆ ತಪ್ಪು. ತೆಳ್ಳನೆಯ ಕೋಲನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತಿ ನೋಡಿ. ಅದು ಬಾಗುವುದು ನಡುವಿನಲ್ಲಿ. ಆದುದರಿಂದ ಕಂಬಕ್ಕೆ ಮೈ ಬೇಕಾದದ್ದೂ ನಡುವಿನಲ್ಲಿಯೇ. ಕಂಬಗಳ ತಲೆಯ ಮೇಲೆ ಕಟ್ಟಡದ ಅಗಲಕ್ಕೆ ಅಡ್ಡಲಾಗಿ ತೊಲೆಗಳು ಮಲಗಿವೆ. ತೊಲೆಯ ಕೆಳ ಅಂಚು ಎರಡೂ ಬದಿಗೆ ಚಾಚಿಕೊಂಡಿದೆ. ಆ ಚಾಚಿನ ಮೇಲೆ ಕಾಲೂರಿ ಒಂದು ತೊಲೆಯಿಂದ ಇನ್ನೊಂದಕ್ಕೆ ಇಟ್ಟಿಗೆಯ ಕಿರುಕಮಾನುಗಳು ಹಾರಿವೆ. ಕಮಾನಿನ ಬೆನ್ನನ್ನು ಸಮತಟ್ಟು ಮಾಡಿದರೆ ಮೇಲಿನ ಅಂತಸ್ತಿನ ನೆಲವಾಯಿತು. ಕಮಾನುಗಳು ತೊಲೆಗಳನ್ನು ಪಕ್ಕಕ್ಕೆ ತಳ್ಳದಂತೆ ಕಬ್ಬಿಣದ ಸರಳುಗಳು ಅವನ್ನು ಒಂದಕ್ಕೊಂದು ಬಿಗಿದಿವೆ. ನಮ್ಮ ಹಳೆಯ ರೈಲು ನಿಲ್ದಾಣಗಳಲ್ಲಿಯೂ ಸರ್ಕಾರಿ ಕಚೇರಿಗಳಲ್ಲಿಯೂ ಕಬ್ಬಿಣದ ತೊಲೆಗಳ ನಡುವೆ ಸಣ್ಣ ಸಣ್ಣ ಇಟ್ಟಿಗೆ ಕಮಾನುಗಳ ಚಾವಣಿಯನ್ನು ಕಂಡವರಿಗೆ ಈ ನೋಟ ಹೊಸದಲ್ಲ. ಅವೆಲ್ಲ ಇದೇ ಮನೆತನದ ಮೊಮ್ಮಕ್ಕಳು.

ಇಲ್ಲೊಂದು ಮಾತನ್ನು ಹೇಳಬೇಕು. ಬೀಡು ಕಬ್ಬಿಣದ ಗುಣ ಒಂದು ರೀತಿಯಲ್ಲಿ ಕಲ್ಲಿನ ಗುಣ. ಅದುಮಿದರೆ ಎಷ್ಟು ಭಾರವನ್ನಾದರೂ ತಾಳಿಕೊಳ್ಳುತ್ತದೆ, ಎಳೆದರೆ ಮುರಿಯುತ್ತದೆ. ತೊಲೆಯ ಮೇಲೆ ಭಾರ ಬಿದ್ದಾಗ ಅದರ ಮೇಲ್ಭಾಗ ಅದುಮಿಕೊಳ್ಳುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ನಮ್ಮ ಶಿಲ್ಪಿಗಳು ಕಲ್ಲಿನ ಈ ಸ್ವಭಾವವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಾಗಲಿ ಹೊಯ್ಸಳರ ನವರಂಗಗಳಲ್ಲಾಗಲಿ ಕಂಬಗಳು ಅಷ್ಟು ಒತ್ತಾಗಿ ನಿಂತಿರುವುದು ಕೇವಲ ಶೋಭೆಗಾಗಿ ಅಲ್ಲ. ಕಲ್ಲಿನ ತೊಲೆ ಬಹುದೂರ ಹಾಯಲಾರದು. ಬೇಜನ ಕಂಬಗಳೂ ಅದೇ ಕಾರಣದಿಂದ ಒತ್ತಾಗಿವೆ. ಉಕ್ಕು ಅಗ್ಗವಾಗಿ ದೊರೆಯುವಂತಾದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅದಾದ ಮೇಲೆಯೇ ಕಂಬಗಳು ದೂರ ಸರಿದವು, ಕಟ್ಟಡಗಳು ಮೇಲೇರಿದವು. 1885ರಲ್ಲಿ ಶಿಕಾಗೋ ನಗರದಲ್ಲಿ ಹತ್ತು ಅಂತಸ್ತಿನ ಹೋಮ್ ಇನ್ಶೂರೆನ್ಸ್ ಕಟ್ಟಡ ಎದ್ದಾಗ ಮುಗಿಲುಸೌಧಗಳ ಯುಗ ಆರಂಭವಾಯಿತೆಂದು ಹೇಳುವುದುಂಟು. ಅದಕ್ಕೆ ಡಿದರಿಂಗ್‌ಟನ್ನಿನ ಗಿರಣಿಯೇ ಮುತ್ತಜ್ಜ. ನಿಜ, ಬೇಜನ ಕಟ್ಟಡದಲ್ಲಿ ಹೊರಗೋಡೆ ಇನ್ನೂ ಭಾರ ಹೊರುತ್ತಿತ್ತು. ತೊಲೆಗಳ ಕೊನೆಗಳು ಇಟ್ಟಿಗೆ ಗೋಡೆಯಲ್ಲಿ ಕೂತಿವೆ. ಎಲುಬಿನ ಹಂದರ ಒಳಗೆ ಮೂಡಿತ್ತು. ಚರ್ಮ ಇನ್ನೂ ಚಿಪ್ಪಾಗಿಯೇ ಉಳಿದಿತ್ತು.

ಉಪಾಯ ಫಲಿಸಿತೆಂಬುದಕ್ಕೆ ಕಾಲವೇ ಸಾಕ್ಷಿ ಹೇಳಿತು. ಮುಖ್ಯ ಗಿರಣಿಗೆ ಅಂಟಿಕೊಂಡಂತೆ ಅಡ್ಡಲಾಗಿ ಕಟ್ಟಿದ್ದ ಇನ್ನೊಂದು ಕಟ್ಟಡಕ್ಕೆ ಒಳಗೆ ಮರದ ನೆಲಗಳಿದ್ದವು. 1811ರಲ್ಲಿ ಅದು ಬೆಂಕಿಗೆ ತುತ್ತಾಯಿತು. ಕಬ್ಬಿಣದ ಗಿರಣಿ ನಿಂತೇ ಇತ್ತು. ಮರುವರ್ಷ ಸುಟ್ಟ ಕಟ್ಟಡವನ್ನೂ ಕಬ್ಬಿಣದಲ್ಲಿಯೇ ಎಬ್ಬಿಸಿದರು.

ಆ ಹೊತ್ತಿಗೆ ಪಾಲುದಾರರು ಬೇರೆಯಾಗಿದ್ದರು. 1804ರಲ್ಲಿ ಮಾರ್ಷಲ್ ಗಿರಣಿಯನ್ನು ಪೂರ್ತಿಯಾಗಿ ತನ್ನದಾಗಿಸಿಕೊಂಡ. ಬೇಜ್ 1807ರಲ್ಲಿ ಊರಿನ ಮೇಯರ್ ಆದ, 1822ರಲ್ಲಿ ತೀರಿಕೊಂಡ. ಮಾರ್ಷಲ್ಲರ ಮನೆತನ ಬೆಳೆಯಿತು. ಅವರ ಸಂಸ್ಥೆ 1838-40ರ ಸುಮಾರಿಗೆ ಲೀಡ್ಸಿನಲ್ಲಿ ಕಟ್ಟಿಸಿದ ಇನ್ನೊಂದು ಗಿರಣಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದರ ಮುಖ ಈಜಿಪ್ಟಿನ ದೇವಾಲಯದ ಮಾದರಿಯದು. ದಪ್ಪ ದಪ್ಪ ಕಲ್ಲುಕಂಬಗಳು, ಹೂಮೊಗ್ಗಿನಂಥ ಬೋದಿಗೆಗಳು. ಒಳಗಿನ ಗಾಳಿಯ ತೇವ ಆರದಿರಲೆಂದು ಚಾವಣಿಯ ಮೇಲೆ ಮಣ್ಣು ಹರಡಿ ಹುಲ್ಲು ಬೆಳೆಸಿ, ಹುಲ್ಲು ಮೇಯಲು ಕುರಿಗಳನ್ನು ಬಿಟ್ಟಿದ್ದರು! ಹಣ ಬಂದ ಮೇಲೆ ಗಿರಣಿಗೂ ಗುಡಿಯ ವೇಷ ಬಂದಿತು. ಶ್ರೂಸ್‌ಬರಿಯ ಮೊದಲ ಗಿರಣಿಗೆ ಯಾವ ವೇಷವೂ ಇಲ್ಲ. ಅದರ ಚೆಲುವು, ಇದ್ದರೆ, ಬೇಡದ್ದೊಂದೂ ಇಲ್ಲದಿರುವುದರಲ್ಲಿ ಇದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಬುದ್ಧಿವಂತಿಕೆಯ ಕಥೆಯಾಗುತ್ತಿತ್ತು. ಆದರೆ ಗಿರಣಿಯ ಆವರಣದಲ್ಲಿ 1812ರ ಸುಮಾರಿನ ಇನ್ನೊಂದು ಇಟ್ಟಿಗೆಯ ಮನೆಯಿದೆ. ಅದರ ಹೆಸರು ‘ಅಪ್ರೆಂಟಿಸರ ಮನೆ’. ಅಪ್ರೆಂಟಿಸರೆಂದರೆ ಯುವಕರಲ್ಲ, ಮಕ್ಕಳು. ಅನಾಥರು, ಬಡಬಗ್ಗರ ಮಕ್ಕಳು. ಊರೂರಿನ ಬಡವರ ಪಾಲನೆಯ ಹೊಣೆ ಹೊತ್ತವರು ಅಂಥ ಮಕ್ಕಳನ್ನು ಗಿರಣಿಗಳಿಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತಿದ್ದ ಕಾಲವದು. ನೂಲು ಕಡಿದರೆ ಕೂಡಿಸಲು, ಕದಿರು ಬದಲಾಯಿಸಲು ಎಳೆಯ ಬೆರಳುಗಳೇ ಅನುಕೂಲವೆಂದು ಮಾಲೀಕರ ನಂಬಿಕೆ; ಕೂಲಿಯೂ ಅಲ್ಪ.

1832ರಲ್ಲಿ ಮೈಕೇಲ್ ಸ್ಯಾಡ್ಲರ್ ಎಂಬ ಪಾರ್ಲಿಮೆಂಟ್ ಸದಸ್ಯನ ಅಧ್ಯಕ್ಷತೆಯಲ್ಲಿ ಗಿರಣಿಗಳ ಬಾಲಕಾರ್ಮಿಕರನ್ನು ಕುರಿತು ವಿಚಾರಣಾ ಸಮಿತಿಯೊಂದು ಕುಳಿತಿತು. ಅದರ ಮುಂದೆ ಸಾಕ್ಷಿ ನುಡಿದವರಲ್ಲಿ ಸ್ಯಾಮ್ಯುಯೆಲ್ ಡೌನ್, ಜೊನಾಥನ್ ಡೌನ್ ಎಂಬ ಇಬ್ಬರು ಚಿಕ್ಕಂದಿನಲ್ಲಿ ಮಾರ್ಷಲ್ಲನ ಶ್ರೂಸ್‌ಬರಿಯ ಗಿರಣಿಯಲ್ಲಿ ದುಡಿದವರು. ಹತ್ತನೆಯ ವಯಸ್ಸಿಗೆ ಸೇರಿದ ಹುಡುಗನ ದಿನ ಬೆಳಗಿನ ಐದು ಗಂಟೆಗೆ ಆರಂಭವಾಗಿ ರಾತ್ರಿ ಎಂಟಕ್ಕೆ ಮುಗಿಯುತ್ತಿತ್ತು. ಅಷ್ಟು ಹೊತ್ತು ನಿಂತ ಮಗು ತೂಕಡಿಸದೆ ಇದ್ದೀತೆ? ತೂಕಡಿಸುವ ಮಗುವನ್ನು ಎಚ್ಚರಿಸುವ ಬಗೆಯನ್ನು ಜೊನಾಥನ್ ಡೌನ್ ವಿವರಿಸಿದ. ಕೋಣೆಯ ಮೂಲೆಯಲ್ಲಿ ನೀರು ತುಂಬಿದ ಕಬ್ಬಿಣದ ತೊಟ್ಟಿಯೊಂದಿರುತ್ತಿತ್ತು. ಮೇಲ್ವಿಚಾರಕ ಕೋಲು ಹಿಡಿದು ಸುತ್ತುತ್ತ ಬಂದು, ಹುಡುಗನ ಹೆಗಲು ಮುಟ್ಟಿ ಕರೆದು, ಕಾಲು ಹಿಡಿದೆತ್ತಿ, ತಲೆಕೆಳಗಾಗಿ ಆ ತೊಟ್ಟಿಯಲ್ಲಿ ಮುಳುಗಿಸಿ, ಒದ್ದೆ ಮೈಯಲ್ಲಿಯೇ ಉಳಿದ ದಿನದ ಕೆಲಸಕ್ಕೆ ಅಟ್ಟುತ್ತಿದ್ದ.

ಸಮಿತಿಯ ಸಾಕ್ಷ್ಯಗಳು ಏಕಪಕ್ಷೀಯವೆಂದು ಗಿರಣಿ ಮಾಲೀಕರು ಆಕ್ಷೇಪಿಸಿದರು. ಸಾಕ್ಷಿಗಳಿಂದ ಪ್ರಮಾಣ ಮಾಡಿಸಿರಲಿಲ್ಲವೆಂಬುದೂ ನಿಜ. ಸರ್ಕಾರ ಮತ್ತೊಂದು ಆಯೋಗವನ್ನು ನೇಮಿಸಿತು. ಕೊನೆಗೆ 1833ರಲ್ಲಿ ಕಾನೂನು ಬಂದಿತು: ಬಟ್ಟೆಯ ಗಿರಣಿಗಳಲ್ಲಿ ಒಂಬತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ದುಡಿಸಕೂಡದು, ಹದಿಮೂರಕ್ಕಿಂತ ಚಿಕ್ಕವರಿಗೆ ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ಕೆಲಸ ಕೂಡದು, ಇದು ನಡೆಯುತ್ತಿದೆಯೇ ಎಂದು ನೋಡಲು ಸರ್ಕಾರದ ತನಿಖಾಧಿಕಾರಿಗಳಿರಬೇಕು. ಅದಕ್ಕೆ ಹಿಂದೆ 1802ರಲ್ಲಿಯೇ ಅಪ್ರೆಂಟಿಸರ ಹೆಸರಿನಲ್ಲಿ ಒಂದು ಶಾಸನ ಆಗಿದ್ದರೂ ಅದನ್ನು ಜಾರಿಗೆ ತರುವವರು ಇರಲಿಲ್ಲ.

ಈ ವರ್ಷಗಳನ್ನು ಸುಮ್ಮನೆ ಕೂಡಿಸಿ ನೋಡಿದರೆ ಮನಸ್ಸು ಮಂಕಾಗುತ್ತದೆ. 1796ರಲ್ಲಿ ಮಾಲೀಕನ ಗಿರಣಿ ಸುಟ್ಟಿತು. 1797ರಲ್ಲಿ ಸುಡದ ಗಿರಣಿ ಸಿದ್ಧವಾಯಿತು. ಸೊತ್ತಿನ ಭಯಕ್ಕೆ ಉತ್ತರ ದೊರೆಯಲು ಎರಡು ವರ್ಷವೂ ಹಿಡಿಯಲಿಲ್ಲ. ಅದೇ ಸೂರಿನಡಿಯ ಮಕ್ಕಳ ಸಂಕಟಕ್ಕೆ, ಅದೂ ಅರೆಯುತ್ತರ, ದೊರೆಯಲು 36 ವರ್ಷ ಹಿಡಿಯಿತು. ತೊಲೆ ಎಷ್ಟು ಭಾರಕ್ಕೆ ಮುರಿದೀತೆಂದು ಲೆಕ್ಕ ಹಾಕಿದ ಬುದ್ಧಿ, ಮಗು ಎಷ್ಟು ಹೊತ್ತಿಗೆ ಬಳಲೀತೆಂದು ಲೆಕ್ಕ ಹಾಕಲಿಲ್ಲ. ಆ ಲೆಕ್ಕ ಹೆಚ್ಚು ಕಷ್ಟದ್ದೇನೂ ಆಗಿರಲಿಲ್ಲ.

ನೂಲಿನ ಕಥೆ 1886ರಲ್ಲಿ ಮುಗಿಯಿತು. ಲಿನನ್ನಿನ ವ್ಯಾಪಾರ ಇಳಿಮುಖವಾಗಿ ಮಾರ್ಷಲ್ಲರ ಸಂಸ್ಥೆ ಬಾಗಿಲು ಹಾಕಿತು. ಹನ್ನೊಂದು ವರ್ಷ ಖಾಲಿಯಿದ್ದ ಕಟ್ಟಡ 1897ರಲ್ಲಿ ಮಾಲ್ಟ್ ತಯಾರಿಕೆಗೆ ಬಳಕೆಯಾಯಿತು. ಮಾಲ್ಟೆಂದರೆ ನಮ್ಮ ಮನೆಗಳಲ್ಲಿ ರಾಗಿಯನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸುವ ಕ್ರಮವೇ. ಅಲ್ಲಿ ರಾಗಿಯ ಬದಲು ಬಾರ್ಲಿ, ಮಕ್ಕಳ ಗಂಜಿಯ ಬದಲು ದೊಡ್ಡವರ ಬಿಯರು! ನೆನೆದ ಬಾರ್ಲಿಯನ್ನು ಅಂತಸ್ತು ಅಂತಸ್ತಿನ ನೆಲದ ಮೇಲೆ ಹರಡಿ ಮರದ ಸಲಿಕೆಗಳಿಂದ ತಿರುವಿಹಾಕುತ್ತಿದ್ದರು. ಯಂತ್ರಗಳ ಭಾರ ಹೊತ್ತ ಕಂಬಗಳಿಗೆ ಧಾನ್ಯದ ಭಾರ ಹೆಚ್ಚೆನಿಸಲಿಲ್ಲ. ಮೊಳಕೆಗೆ ಬೆಳಕು ಬೇಡವಾದುದರಿಂದ ಕಿಟಕಿಗಳಲ್ಲಿ ಹೆಚ್ಚಿನವನ್ನು ಇಟ್ಟಿಗೆಯಿಂದ ಮುಚ್ಚಿ, ಉಳಿದುದರಲ್ಲಿ ಸಣ್ಣ ಕಿಂಡಿಗಳನ್ನು ಬಿಟ್ಟರು. ಈ ಪರಿವರ್ತನೆಯ ನಕ್ಷೆ ಹೆನ್ರಿ ಸ್ಟೋಪ್ಸ್ ಎಂಬಾತನದು. ಕುಟುಂಬ ಯೋಜನೆಯ ಪ್ರಚಾರದಿಂದ ಹೆಸರಾದ ಮೇರಿ ಸ್ಟೋಪ್ಸ್ ಈತನ ಮಗಳು. ಅದು ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ವರ್ಷವಾದ್ದರಿಂದ ಎತ್ತುಯಂತ್ರದ ಗೋಪುರದ ನೆತ್ತಿಗೆ ಕಿರೀಟವೊಂದನ್ನು ತೊಡಿಸಿದರು. ಇಂದಿಗೂ ಕಟ್ಟಡಕ್ಕಿರುವ ಒಂದೇ ಒಡವೆ ಅದು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರು ಬಂದು ತಂಗಿದರು, ಹೋದರು. ಮತ್ತೆ ಬಾರ್ಲಿ ಬಂದಿತು. 1987ರಲ್ಲಿ ಅದೂ ನಿಂತಿತು.

ಅಷ್ಟರಲ್ಲಿ ಕಟ್ಟಡದ ಮಹತ್ತ್ವ ಲೋಕಕ್ಕೆ ತಿಳಿದಿತ್ತು. ವಾಸ್ತುವಿನ ಚರಿತ್ರೆಕಾರರು ಕಬ್ಬಿಣದ ಚೌಕಟ್ಟುಗಳ ಮೂಲವನ್ನು ಶೋಧಿಸಿ 1950ರಲ್ಲಿಯೂ ಅನಂತರವೂ ಬರೆದ ಲೇಖನಗಳಿಂದ, ನೂರೈವತ್ತು ವರ್ಷ ಯಾರ ಕಣ್ಣಿಗೂ ಬೀಳದಿದ್ದ ಈ ಗಿರಣಿ ಒಮ್ಮೆಗೇ ಜಗದ್ವಿಖ್ಯಾತವಾಯಿತು. ಆದರೆ ಖ್ಯಾತಿ ಮಳೆಯನ್ನು ತಡೆಯಲಾರದು. 1987ರ ಮುಂದಿನ ವರ್ಷಗಳಲ್ಲಿ ಗಾಜು ಒಡೆಯಿತು, ಪಾರಿವಾಳಗಳು ಮನೆ ಮಾಡಿದವು, ಗೋಡೆಗಳು ನೀರು ಕುಡಿದವು. ವಿಧಿಯ ವಿನೋದವೆಂದರೆ, ಮರವನ್ನು ಹೊರಗಟ್ಟಲೆಂದೇ ಕಟ್ಟಿದ ಈ ಕಟ್ಟಡದ ಇಟ್ಟಿಗೆ ಗೋಡೆಗಳ ಒಳಗೆ ಬಿಗಿತಕ್ಕೆಂದು ಇಟ್ಟಿದ್ದ ಮರದ ಪಟ್ಟಿಗಳಿದ್ದವು. ಅವು ಕೊಳೆತು ಗೋಡೆಯನ್ನೇ ಬಲಗೆಡಿಸಿದವು. 2005ರಲ್ಲಿ ಪುರಾತನ ಕಟ್ಟಡಗಳ ರಕ್ಷಣೆಯ ಸರ್ಕಾರಿ ಸಂಸ್ಥೆ ಇದನ್ನು ಕೊಂಡುಕೊಂಡಿತು. ಕೊಳೆತ ಮರದ ಜಾಗಕ್ಕೆ ಇಟ್ಟಿಗೆ ತುಂಬಿದರು. ಬೇಕಾದೆಡೆ ಉಕ್ಕಿನ ಆಸರೆ ಕೊಟ್ಟರು. ಗಿರಣಿಯ ಕಾಲದ ದೊಡ್ಡ ಕಿಟಕಿಗಳನ್ನು ಮತ್ತೆ ತೆರೆದರು. ಎರಡು ಕೋಟಿ ಪೌಂಡಿಗೂ ಮಿಕ್ಕ ಹಣ ಅಲ್ಲಿಯ ರಾಷ್ಟ್ರೀಯ ಲಾಟರಿಯ ನಿಧಿಯಿಂದ ಬಂದಿತು. 2022ರ ಸೆಪ್ಟೆಂಬರಿನಲ್ಲಿ ಬಾಗಿಲು ಸಾರ್ವಜನಿಕರಿಗೆ ತೆರೆಯಿತು. ಕೆಳಗಿನ ಅಂತಸ್ತಿನಲ್ಲಿ ಪ್ರದರ್ಶನ ಶಾಲೆ, ಉಪಾಹಾರ ಗೃಹ. ಮೇಲಿನ ಅಂತಸ್ತುಗಳು ಕಚೇರಿಗಳಿಗೆ.

ನಮ್ಮಲ್ಲಿಯೂ ಗಿರಣಿಗಳಿದ್ದವು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಮ್ಮೆಯಿಂದ ಕರೆಯುತ್ತಿದ್ದ ಕಾಲವೊಂದಿತ್ತು. ಬೆಂಗಳೂರಿನಲ್ಲಿ ಬಿನ್ನಿಪೇಟೆಯೆಂಬ ಹೆಸರು ಉಳಿದಿದೆ; ಆ ಹೆಸರನ್ನು ಕೊಟ್ಟ ಗಿರಣಿಯ ಸದ್ದು ಅಡಗಿದೆ. ಗಿರಣಿಯ ಕೂಗಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಮನೆಗಳ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಗುಡಿಗೋಪುರಗಳನ್ನು ಉಳಿಸಿಕೊಳ್ಳುವುದರಲ್ಲಿ ನಮಗೆ ಇರುವ ಶ್ರದ್ಧೆ, ಸಾವಿರಾರು ಜನ ಬೆವರು ಸುರಿಸಿದ ಈ ಕಟ್ಟಡಗಳ ವಿಷಯದಲ್ಲಿ ಇನ್ನೂ ಮೂಡಬೇಕಾಗಿದೆ.

ಶ್ರೂಸ್‌ಬರಿಯವರು ಉಳಿಸಿಕೊಂಡದ್ದು ಮೂರು ಸಾಲು ಕಬ್ಬಿಣದ ಕಂಬಗಳನ್ನು. ಅವುಗಳ ನಡುವೆ ನಿಂತಾಗ ಅವು ಎಷ್ಟು ತೆಳುವಾಗಿವೆಯೆಂಬುದೇ ಮೊದಲು ಕಣ್ಣಿಗೆ ಬೀಳುತ್ತದೆ. ಹತ್ತು ವರ್ಷದ ಹುಡುಗನೊಬ್ಬ ತೋಳಿನಿಂದ ಬಳಸಿ ಒರಗಿ ನಿಲ್ಲಬಹುದು. ಹದಿನೈದು ಗಂಟೆ ದುಡಿದ ಎಷ್ಟು ಮಕ್ಕಳು, ಮೇಲ್ವಿಚಾರಕನ ಬೆನ್ನು ತಿರುಗಿದ ಗಳಿಗೆಯಲ್ಲಿ, ಹಾಗೆ ಒರಗಿ ಕಣ್ಣು ಮುಚ್ಚಿದ್ದಾರೋ! ಕಂಬಗಳು ಐದು ಅಂತಸ್ತಿನ ಭಾರದ ಜೊತೆಗೆ ಆ ಭಾರವನ್ನೂ ಹೊತ್ತು ನಿಂತಿವೆ.